ದೊಡ್ಡ ಯುದ್ಧಕ್ಕೆ ಎಂಥ ಸೈನ್ಯ ಬೇಕು? ಖಡ್ಕಿಯ ಸ್ಟೋರ್‌ಕೀಪರ್ ಒಬ್ಬನ ಹೋಲಿಕೆ

ಪ್ರತಿ ನವೆಂಬರ್‌ನಲ್ಲಿ ಪುಣೆಯ ನಮ್ಮ ಕನ್ನಡ ಬಳಗ ಮಕ್ಕಳಿಗೊಂದು ಚರ್ಚಾಸ್ಪರ್ಧೆ ಇಡುತ್ತದೆ. ಸಾಮಾನ್ಯವಾಗಿ ವಿಷಯ ‘ಮೊಬೈಲ್ ವರವೋ ಶಾಪವೋ’ ಎಂಬಂಥದ್ದು. ಈ ಸಲ ಯಾರೋ ಹುಮ್ಮಸ್ಸಿನವರು ಬೇರೆಯದೇ ಕೊಟ್ಟಿದ್ದಾರೆ: ‘ಮಹಾಶಕ್ತಿಯ ಸೈನ್ಯ ಮಹಾಯುದ್ಧಕ್ಕೆ ಸಾಕೇ? ಸಾಲದಿದ್ದರೆ ಯಾವ ಬಗೆಯ ಸೈನ್ಯ ಬೇಕು?’ ಆಯ್ಕೆ ನಾಲ್ಕು. ಸಂಬಳಕ್ಕೆ ಸ್ವಇಚ್ಛೆಯಿಂದ ಸೇರಿದವರ ವೃತ್ತಿಸೈನ್ಯ. ಕಡ್ಡಾಯ ಸೇವೆಯ ಸೈನ್ಯ. ಸಣ್ಣ ಸೈನ್ಯ, ಬೆನ್ನಿಗೆ ದೊಡ್ಡ ಮೀಸಲು ಪಡೆ. ನಮ್ಮ ಅಗ್ನಿವೀರರ ಥರದ ಅಲ್ಪಾವಧಿ ಸೈನ್ಯ. ಒಂದನ್ನು ಆರಿಸಿ ಐದು ನಿಮಿಷ ವಾದಿಸಬೇಕು.

ಹನ್ನೊಂದನೇ ಕ್ಲಾಸಿನಲ್ಲಿರುವ ನನ್ನ ಮೊಮ್ಮಗ ಭಾನುವಾರ ಬೆಳಿಗ್ಗೆ ಇಡ್ಲಿ ತಿನ್ನುತ್ತ ಫೋನ್ ನೋಡುತ್ತಿದ್ದವನು ತಲೆ ಎತ್ತಿದ.

“ಅಜ್ಜಾ, ಅಮೆರಿಕಾದ ಸೈನ್ಯ ನಮ್ಮದಕ್ಕಿಂತ ಸಣ್ಣದಂತ. ಖರೇ ಏನು?”

“ಖರೇನ. ಭೂಸೈನ್ಯ ಅಷ್ಟ ಹಿಡಿದ್ರ ನಮ್ಮದರ ಅರ್ಧಕ್ಕಿಂತ ಕಡಿಮಿ.”

“ಹಂಗಾದ್ರ ಅವರು ದೊಡ್ಡ ಯುದ್ಧ ಹೆಂಗ ಮಾಡ್ತಾರ?”

ಆ ಪ್ರಶ್ನೆಗೆ ಅವತ್ತು ತುಂಡು ತುಂಡಾಗಿ ಹೇಳಿದ್ದನ್ನು ಈಗ ಸ್ಪರ್ಧೆಗೆ ನಿಲ್ಲುವ ಉಳಿದ ಮಕ್ಕಳಿಗೂ ಸಿಗಲಿ ಎಂದು ಬರೆಯುತ್ತಿದ್ದೇನೆ. ನಾನು ಬಂದೂಕು ಹಿಡಿದವನಲ್ಲ. ಧಾರವಾಡದಿಂದ ಬಂದು ಮೂವತ್ತು ವರ್ಷ ಖಡ್ಕಿಯಲ್ಲಿ ಸ್ಟೋರ್ಸ್ ವಿಭಾಗದಲ್ಲಿ ಪೆಟ್ಟಿಗೆ ಎಣಿಸಿದವನು. ಎಣಿಸುವವನ ಕಣ್ಣಿಗೆ ಸೈನ್ಯ ಕಾಣುವ ರೀತಿಯೇ ಬೇರೆ. ಬಿನ್ ಕಾರ್ಡ್‌ನಲ್ಲಿ (ಗೋದಾಮಿನ ಒಂದೊಂದು ಮಾಲಿನ ಲೆಕ್ಕದ ಚೀಟಿ) ನಾವು ನೋಡುತ್ತಿದ್ದದ್ದು ಮೂರು ಅಂಕಿ: ಈಗ ಎಷ್ಟಿದೆ, ದಿನಕ್ಕೆ ಎಷ್ಟು ಖರ್ಚು, ಇಂಡೆಂಟ್ ಅಂದರೆ ಬೇಡಿಕೆ ಚೀಟಿ ಹಾಕಿದರೆ ಹೊಸ ಮಾಲು ಬರಲು ಎಷ್ಟು ದಿನ. ಪತ್ರಿಕೆಯವರು ಸೈನ್ಯಗಳನ್ನು ಹೋಲಿಸುವಾಗ ಮೊದಲನೇ ಅಂಕಿಯನ್ನಷ್ಟೇ ಹೇಳಿ ಬಿಟ್ಟುಬಿಡುತ್ತಾರೆ. ನನ್ನ ಹೋಲಿಕೆ ಉಳಿದ ಎರಡರ ಮೇಲೆ ನಿಂತಿದೆ.

ಯಾವ ಯುದ್ಧ ಅಂತ ಮೊದಲು ಕೇಳಿ

‘ದೊಡ್ಡ ಯುದ್ಧ’ ಅನ್ನುವ ಮಾತನ್ನು ಹಾಗೆಯೇ ಒಪ್ಪಿಕೊಂಡರೆ ವಾದ ಅಲ್ಲೇ ಸೋತಿತು. 1971ರ ಡಿಸೆಂಬರ್‌ನಲ್ಲಿ ನಮ್ಮದು 13 ದಿನದ ಯುದ್ಧ; ಢಾಕಾದಲ್ಲಿ ಶರಣಾಗತಿಗೆ ಸಹಿ ಬಿದ್ದು ಸುಮಾರು 93,000 ಪಾಕಿಸ್ತಾನಿಯರು ಸೆರೆ ಸಿಕ್ಕರು, ಹೊಸ ದೇಶ ಹುಟ್ಟಿತು. ಅದು ದೊಡ್ಡದಲ್ಲವೇ? 1991ರಲ್ಲಿ ಕುವೈತ್‌ಗಾಗಿ ಅಮೆರಿಕ ಐದು ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲಿಗೆ ಕಳಿಸಿತು, ವಾರಗಟ್ಟಲೆ ಬಾಂಬ್ ಹಾಕಿದ ಮೇಲೆ ನೆಲದ ಮೇಲಿನ ಕಾಳಗ 100 ಗಂಟೆಯಲ್ಲಿ ಮುಗಿಯಿತು. ಇಂಥ ಯುದ್ಧಕ್ಕೆ ಬೇಕಾದದ್ದು ಮೊದಲ ದಿನವೇ ಕೈಯಲ್ಲಿರುವ ಸ್ಟಾಕ್. ಇಂಡೆಂಟ್ ಹಾಕುವಷ್ಟರಲ್ಲಿ ಯುದ್ಧವೇ ಮುಗಿದು ಶರಣಾಗತಿಗೆ ಸಹಿಯಾಗಿರುತ್ತದೆ.

ಎರಡನೆಯದು ಗೆದ್ದ ಮೇಲೆ ಕೂತುಕೊಳ್ಳುವ ಯುದ್ಧ. 2003ರ ಫೆಬ್ರುವರಿಯಲ್ಲಿ ಅಮೆರಿಕದ ಸೇನಾ ಮುಖ್ಯಸ್ಥ ಎರಿಕ್ ಶಿನ್ಸೆಕಿ, ಇರಾಕ್ ಹಿಡಿದ ನಂತರ ಅದನ್ನು ನಿಭಾಯಿಸಲು ಹಲವು ಲಕ್ಷ ಸೈನಿಕರು ಬೇಕಾಗಬಹುದು ಎಂದು ಸೆನೆಟ್ ಸಮಿತಿಯ ಮುಂದೆ ಹೇಳಿದರು. ರಕ್ಷಣಾ ಇಲಾಖೆಯ ದೊಡ್ಡವರು ಅದನ್ನು ತಳ್ಳಿಹಾಕಿದರು. ಬಾಗ್ದಾದ್ ಮೂರು ವಾರದಲ್ಲಿ ಬಿತ್ತು. ಆಮೇಲೆ ಬೀದಿ ಕಾಯಲು ಜನ ಸಾಲದೆ, ಅವಧಿ ಮುಗಿದವರನ್ನೂ ಮನೆಗೆ ಬಿಡದೆ ‘ಸ್ಟಾಪ್ ಲಾಸ್’ ಎಂಬ ನಿಯಮದಲ್ಲಿ ಹಿಡಿದಿಟ್ಟುಕೊಂಡರು. 2007ರಲ್ಲಿ ಒಂದು ಸಲದ ನಿಯೋಜನೆಯನ್ನು 15 ತಿಂಗಳಿಗೆ ಎಳೆದರು.

ಮೂರನೆಯದು ಉಕ್ರೇನ್‌ನಂಥ ಅರೆಯುವ ಯುದ್ಧ. ಬೀಸುವ ಕಲ್ಲಿಗೆ ಹಾಕಿದಷ್ಟೂ ಹಿಟ್ಟಾಗುತ್ತದೆ, ಮತ್ತೆ ಹಾಕಬೇಕು. ಸ್ಪರ್ಧೆಯ ವಿಷಯ ಕೊಟ್ಟವರ ಮನಸ್ಸಿನಲ್ಲಿರುವುದು ಇದೇ ಇರಬೇಕು ಎಂದುಕೊಂಡು ಮುಂದೆ ಬರೆಯುತ್ತೇನೆ.

ವೃತ್ತಿಸೈನ್ಯ: ಅಮೆರಿಕದ ಲೆಕ್ಕ

ವಿಯೆಟ್ನಾಂ ಯುದ್ಧದ ಸಿಟ್ಟಿನಲ್ಲಿ 1973ರಲ್ಲಿ ಅಮೆರಿಕ ಕಡ್ಡಾಯ ಭರ್ತಿ ನಿಲ್ಲಿಸಿತು. ಅಂದಿನಿಂದ ಅಲ್ಲಿ ಸೈನ್ಯಕ್ಕೆ ಸೇರುವವರೆಲ್ಲ ತಾವಾಗಿ ಬಂದವರು. ಇಂದು ಪೂರ್ಣಾವಧಿ ಭೂಸೈನ್ಯ ಸುಮಾರು 4.5 ಲಕ್ಷ. ಅರೆಕಾಲಿಕ ಪಡೆಗಳಾದ ನ್ಯಾಷನಲ್ ಗಾರ್ಡ್‌ನ ಸುಮಾರು 3.25 ಲಕ್ಷ, ಆರ್ಮಿ ರಿಸರ್ವ್‌ನ ಸುಮಾರು 1.75 ಲಕ್ಷ ಕೂಡಿಸಿದರೆ ಒಂಬತ್ತೂವರೆ ಲಕ್ಷ. ಕೇಳಲು ಬೇಕಾದಷ್ಟಾಯಿತು.

ಈಗ ಪೆಟ್ಟಿಗೆ ಬಿಚ್ಚಿ ನೋಡಿ. 4.5 ಲಕ್ಷದಲ್ಲಿ ಆಸ್ಪತ್ರೆ, ತರಬೇತಿ, ರಿಪೇರಿ, ಸಾಗಣೆ, ಕಚೇರಿ ಎಲ್ಲ ಸೇರಿದೆ. ಮುಂದೆ ನಿಂತು ಹೊಡೆದಾಡುವ ಬ್ರಿಗೇಡ್ ಕಾಂಬ್ಯಾಟ್ ಟೀಮ್‌ಗಳು ಇತ್ತೀಚಿನ ವರ್ಷಗಳಲ್ಲಿ 31. ಒಂದೊಂದರಲ್ಲಿ ನಾಲ್ಕು ಸಾವಿರ ಚಿಲ್ಲರೆ ಜನ. ಅಂದರೆ ಒಂದೂಕಾಲು ಲಕ್ಷದ ಆಸುಪಾಸು. ಅದರಲ್ಲೂ ಒಂದು ಪಾಲು ಹೊರಗೆ, ಒಂದು ಪಾಲು ಹೊರಡುವ ತಯಾರಿಯಲ್ಲಿ, ಒಂದು ಪಾಲು ಈಗಷ್ಟೇ ಬಂದು ದಣಿವಾರಿಸಿಕೊಳ್ಳುತ್ತ ಇರುವುದು ವಾಡಿಕೆ. ರ‍್ಯಾಕ್ ತುಂಬ ಪೆಟ್ಟಿಗೆ ಇದ್ದು, ತೆಗೆದು ನೋಡಿದರೆ ಮೂರರಲ್ಲಿ ಎರಡು ‘ಅಂಡರ್ ಇನ್‌ಸ್ಪೆಕ್ಷನ್’ ಚೀಟಿ ಹಚ್ಚಿಕೊಂಡಿದ್ದಂತೆ.

ಎರಡನೇ ಅಂಕಿ, ಖರ್ಚು. 2023ರಲ್ಲಿ ಅಮೆರಿಕದ ಆರ್ಮಿ ವಾರ್ ಕಾಲೇಜಿನ ನಿಯತಕಾಲಿಕದಲ್ಲಿ ಉಕ್ರೇನ್ ಯುದ್ಧದ ಪಾಠಗಳ ಬಗ್ಗೆ ಒಂದು ಲೇಖನ ಬಂತು. ದೊಡ್ಡ ಯುದ್ಧವಾದರೆ ಸತ್ತವರು, ಗಾಯಗೊಂಡವರು, ಕಾಯಿಲೆ ಬಿದ್ದವರು ಸೇರಿ ದಿನಕ್ಕೆ ಸುಮಾರು 3,600 ಜನ ಕಡಿಮೆಯಾಗಬಹುದು, ದಿನಕ್ಕೆ 800 ಬದಲಿ ಸೈನಿಕರು ಬೇಕಾಗಬಹುದು ಎಂಬ ಅಂದಾಜು ಅದರಲ್ಲಿತ್ತು. ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಇಪ್ಪತ್ತು ವರ್ಷದಲ್ಲಿ ಆದಷ್ಟು ಸಾವುನೋವು ಎರಡು ವಾರದಲ್ಲಿ.

ಇದನ್ನು ಓದಿದಾಗ ನನ್ನ ಹಳೇ ಚಾಳಿಯಂತೆ ಭಾಗಾಕಾರ ಮಾಡಿದೆ. 2024ರಲ್ಲಿ ಅಮೆರಿಕದ ಭೂಸೈನ್ಯ ಇಟ್ಟುಕೊಂಡಿದ್ದ ಭರ್ತಿಯ ಗುರಿ 55,000. ಅದನ್ನು ಮುಟ್ಟಿದ್ದಕ್ಕೆ ಅಲ್ಲಿ ಖುಷಿಪಟ್ಟರು, ಯಾಕೆಂದರೆ 2022ರಲ್ಲಿ 60,000ದ ಗುರಿಗೆ 15,000 ಕಡಿಮೆ ಬಿದ್ದಿತ್ತು. ದಿನಕ್ಕೆ 800ರಂತೆ ಒಂದು ಇಡೀ ವರ್ಷದ ಆ ಭರ್ತಿ 69 ದಿನಕ್ಕೆ ಖಾಲಿ. ಭರ್ತಿಯಾದವನು ಮರುದಿನವೇ ಕಂದಕಕ್ಕೆ ಹೋಗುವುದಿಲ್ಲ ಬೇರೆ. ಕಾಲಾಳು ತರಬೇತಿಯನ್ನು ಅವರೇ 2018ರಿಂದ 14 ವಾರದಿಂದ 22 ವಾರಕ್ಕೆ ಏರಿಸಿಕೊಂಡಿದ್ದಾರೆ. ಅದು ಮೂರನೇ ಅಂಕಿ, ಲೀಡ್ ಟೈಮ್.

ಹೊಸ ಮಾಲು ಬರುವ ತನಕ ಕೈಹಿಡಿಯಲು ನಡುವೆ ಸೇಫ್ಟಿ ಸ್ಟಾಕ್ ಇರಬೇಕಿತ್ತು. ಸೇವೆ ಮುಗಿಸಿ ಮನೆಗೆ ಹೋದರೂ ಕರೆದರೆ ಬರಬೇಕಾದವರ ಪಟ್ಟಿ ಒಂದು ಅವರಲ್ಲಿದೆ, ಇಂಡಿವಿಜುವಲ್ ರೆಡಿ ರಿಸರ್ವ್ ಎಂದು. ಅದೇ ಲೇಖನದ ಪ್ರಕಾರ 1973ರಲ್ಲಿ ಅದರಲ್ಲಿ 7 ಲಕ್ಷ ಹೆಸರಿದ್ದವು, 1994ರಲ್ಲಿ 4.5 ಲಕ್ಷ, 2023ಕ್ಕೆ 76,000. ಅಮೆರಿಕದ ಸೈನ್ಯ ಸಣ್ಣದಾಯಿತು ಎಂದು ಕೊರಗುವವರು 4.5 ಲಕ್ಷವನ್ನು ನೋಡುತ್ತಾರೆ. ನನ್ನ ಎದೆ ಝಲ್ಲೆಂದದ್ದು ಈ 76,000 ನೋಡಿ.

ಹಾಗಂತ ವೃತ್ತಿಸೈನ್ಯವನ್ನು ತಳ್ಳಿಹಾಕಬೇಡಿ. ಎಳೆಯ ಮಕ್ಕಳು ತಪ್ಪುವುದು ಇಲ್ಲೇ. 1939ರಲ್ಲಿ ಅಮೆರಿಕದ ಭೂಸೈನ್ಯ ಎರಡು ಲಕ್ಷವೂ ಇರಲಿಲ್ಲ, 1945ರಲ್ಲಿ ವಾಯುದಳವೂ ಸೇರಿ 80 ಲಕ್ಷ ದಾಟಿತ್ತು. 1940ರ ಸೆಪ್ಟೆಂಬರ್‌ನಲ್ಲೇ ಕಡ್ಡಾಯ ಭರ್ತಿಯ ಕಾಯಿದೆ ಮಾಡಿದ್ದರಿಂದ, ಪರ್ಲ್ ಹಾರ್ಬರ್ ಆಗುವ ಹೊತ್ತಿಗೆ ಅವರ ಇಂಡೆಂಟ್‌ಗೆ ವರ್ಷದ ಮೇಲಾಗಿತ್ತು. ಆ ಸಣ್ಣ ಸೈನ್ಯದ ಅಧಿಕಾರಿಗಳು, ಹವಾಲ್ದಾರರು ಹೊಸಬರಿಗೆ ಹೆಪ್ಪಾದರು. ಹೆಪ್ಪು ಹುಳಿಯಾಗಿದ್ದರೆ ಎಷ್ಟು ಹಾಲು ಬೇಕಾದರೂ ಮೊಸರಾಗುತ್ತದೆ, ಹಾಲು ಸಿಗಬೇಕಷ್ಟೆ, ಜೊತೆಗೆ ರಾತ್ರಿಯೊಂದು ಬೇಕು.

ಇನ್ನೊಂದು ಸಂಗತಿ ಚರ್ಚೆಯಲ್ಲಿ ಯಾರೂ ಎತ್ತಲಿಕ್ಕಿಲ್ಲ, ಎತ್ತಿದವರಿಗೆ ಅಂಕ ಕೊಡುತ್ತೇನೆ (ತೀರ್ಪುಗಾರರಲ್ಲಿ ನಾನೂ ಒಬ್ಬ, ಮೊಮ್ಮಗನ ಸರದಿಗೆ ಎದ್ದು ಹೊರಗೆ ಹೋಗುತ್ತೇನೆ). 1941ರಲ್ಲಿ ಅಮೆರಿಕದ ಯೋಜಕರು ಇನ್ನೂರಕ್ಕೂ ಹೆಚ್ಚು ಡಿವಿಷನ್ (ಸಾವಿರಾರು ಜನರ ದೊಡ್ಡ ಸೇನಾ ಘಟಕ) ಬೇಕೆಂದು ಲೆಕ್ಕ ಹಾಕಿದ್ದರು. ಕಟ್ಟಿದ್ದು 90ರ ಆಸುಪಾಸು. ಉಳಿದ ಜನಬಲವನ್ನು ಕಾರ್ಖಾನೆಗೆ, ಹಡಗಿಗೆ, ವಿಮಾನಕ್ಕೆ ಬಿಟ್ಟರು. ಜರ್ಮನ್ ಸೈನ್ಯದ ದೊಡ್ಡ ಪಾಲನ್ನು ಪೂರ್ವದಲ್ಲಿ ಸೋವಿಯತ್ ಸೈನಿಕರು ರಕ್ತ ಸುರಿಸಿ ಹಿಡಿದಿಟ್ಟಿದ್ದರಿಂದ ಈ ಜೂಜು ಗೆದ್ದಿತು. ಗೆದ್ದರೂ 1944–45ರ ಚಳಿಗಾಲದಲ್ಲಿ ಕಾಲಾಳುಗಳೇ ಇಲ್ಲದೆ ಗುಮಾಸ್ತರನ್ನು, ವಿಮಾನವಿರೋಧಿ ತೋಪಿನವರನ್ನು ಎಬ್ಬಿಸಿ ರೈಫಲ್ ಕೊಟ್ಟು ಮುಂದೆ ಕಳಿಸಬೇಕಾಯಿತು.

ಸಂಖ್ಯೆ ಇದ್ದೂ ತಯಾರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೊರಿಯಾ ಇದೆ. 1950ರ ಜೂನ್‌ನಲ್ಲಿ ಅಮೆರಿಕದ ಭೂಸೈನ್ಯ ಸುಮಾರು 5.9 ಲಕ್ಷ, ಇಂದಿಗಿಂತ ಹೆಚ್ಚು. ಜುಲೈ 5ರಂದು ಓಸಾನ್ ಬಳಿ ಉತ್ತರ ಕೊರಿಯಾದ ಟ್ಯಾಂಕುಗಳಿಗೆ ಅಡ್ಡ ನಿಂತದ್ದು ‘ಟಾಸ್ಕ್ ಫೋರ್ಸ್ ಸ್ಮಿತ್’ನ ಸುಮಾರು 540 ಜನ. ಹೆಗಲ ಮೇಲಿಟ್ಟು ಹಾರಿಸುವ ಅವರ ಹಳೇ ಬಜೂಕಾದ ಗುಂಡು ಟಿ-34 ಟ್ಯಾಂಕಿಗೆ ತಾಗಿ ಉದುರಿತು. ಕೆಲವೇ ಗಂಟೆ ತಡೆದರು. ಉಳಿದ ಲಕ್ಷಾಂತರ ಜನ ಜಪಾನ್‌ನಲ್ಲಿ, ಜರ್ಮನಿಯಲ್ಲಿ, ಊರಲ್ಲಿ ಇದ್ದರು. ಲೆಡ್ಜರ್‌ನಲ್ಲಿ ಇರುವ ಮಾಲು ಕೌಂಟರ್‌ನಲ್ಲಿ ಇರಲಿಲ್ಲ.

ಕಡ್ಡಾಯ ಸೇವೆ: ಜನ ಸಿಗುತ್ತಾರೆ, ಮನಸ್ಸು?

ಹುಡುಗರಿಗೆ ಎಲ್ಲಕ್ಕಿಂತ ಸಲೀಸಾಗಿ ಕಾಣುವ ಆಯ್ಕೆ ಇದು. ಜನ ಸಾಲದಾದರೆ ಎಲ್ಲರನ್ನೂ ಕರೆಯಿರಿ, ಮುಗಿಯಿತು.

ರಷ್ಯಾದಲ್ಲಿ ಕಡ್ಡಾಯ ಸೇವೆ ಮೊದಲಿಂದ ಇದೆ. ಆದರೆ 2022ರ ಫೆಬ್ರುವರಿ 24ರಂದು ಅದು ಉಕ್ರೇನ್ ಒಳಗೆ ನುಗ್ಗಿದ್ದು ಎರಡು ಲಕ್ಷಕ್ಕಿಂತ ಕಡಿಮೆ ಜನರೊಂದಿಗೆ. ಕಾಗದದ ಮೇಲೆ ದೊಡ್ಡ ಸೈನ್ಯ. ಕಡ್ಡಾಯಕ್ಕೆ ಬಂದ ಹುಡುಗರನ್ನು ಯುದ್ಧಕ್ಕೆ ಕಳಿಸುವುದಿಲ್ಲ ಎಂದು ಅಧ್ಯಕ್ಷರೇ ಹೇಳಿಬಿಟ್ಟಿದ್ದರು. ತಾಯಂದಿರ ಸಿಟ್ಟಿಗೆ ಅಲ್ಲಿಯೂ ಹೆದರುತ್ತಾರೆ. ಟ್ಯಾಂಕ್ ಇದ್ದವು, ಟ್ಯಾಂಕಿನ ಪಕ್ಕ ನಡೆಯುವ ಕಾಲಾಳು ಸಾಲದಾದ. ಸುಮಾರು ಏಳು ತಿಂಗಳಾದ ಮೇಲೆ, ಸೆಪ್ಟೆಂಬರ್ 21ಕ್ಕೆ, 3 ಲಕ್ಷ ಜನರನ್ನು ಕರೆಯುವ ‘ಭಾಗಶಃ ಕ್ರೋಡೀಕರಣ’ ಘೋಷಿಸಿದರು. ಲಕ್ಷಗಟ್ಟಲೆ ಗಂಡಸರು ಜಾರ್ಜಿಯಾ, ಕಜಾಕ್‌ಸ್ತಾನದ ಗಡಿ ದಾಟಿದರು. ಅಲ್ಲಿಂದ ಮುಂದೆ ಮಾಸ್ಕೋ ಆ ದಾರಿ ಬಿಟ್ಟು ದುಡ್ಡಿನ ದಾರಿ ಹಿಡಿಯಿತು: ಸಹಿ ಹಾಕಿದರೆ ಭಾರಿ ಮೊತ್ತ, ಜೈಲಿನಿಂದ ಬಂದರೆ ಬಿಡುಗಡೆ. ಕಡ್ಡಾಯದ ದೇಶವೇ ದೊಡ್ಡ ಯುದ್ಧ ಬಂದಾಗ ಸಂಬಳದ ಸೈನಿಕರನ್ನು ಹುಡುಕಿಕೊಂಡು ಹೋಯಿತು. ಕಡ್ಡಾಯ ಸೇವೆಯ ಪರ ವಾದಿಸುವವರಿಗೆ ಎದುರಾಳಿ ಇದನ್ನು ಎಸೆದೇ ಎಸೆಯುತ್ತಾರೆ, ಉತ್ತರ ಇಟ್ಟುಕೊಂಡಿರಿ.

ಒಂದು ಉತ್ತರ ಉಕ್ರೇನ್‌ನಲ್ಲೇ ಇದೆ. ಮನೆಯ ಮೇಲೆ ಬಿದ್ದ ಯುದ್ಧ ಅದು. ಮೊದಲ ವಾರಗಳಲ್ಲಿ ಭರ್ತಿ ಕಚೇರಿಗಳ ಮುಂದೆ ಸಾಲು ನಿಂತಿತ್ತು. ಅವರಿಗೂ 2024ರ ಏಪ್ರಿಲ್‌ನಲ್ಲಿ ಕರೆಯುವ ವಯಸ್ಸನ್ನು 27ರಿಂದ 25ಕ್ಕೆ ಇಳಿಸಬೇಕಾಯಿತು, ಅದೂ ಸಂಸತ್ತು ಒಪ್ಪಿದ ಕಾಯಿದೆ ತಿಂಗಳುಗಟ್ಟಲೆ ಅಧ್ಯಕ್ಷರ ಸಹಿಗೆ ಕಾದು ಕೂತ ಮೇಲೆ. 18ರ ಹುಡುಗರನ್ನು ಬಿಟ್ಟು 25 ದಾಟಿದವರನ್ನು ಕರೆಯುವುದು ನಮಗೆ ವಿಚಿತ್ರವಾಗಿ ಕಾಣಬಹುದು. ಆದರೆ ಅಲ್ಲಿ ಇಪ್ಪತ್ತರ ಆಸುಪಾಸಿನ ತಲೆಮಾರೇ ತೀರ ಸಣ್ಣದು, ತೊಂಬತ್ತರ ದಶಕದ ಬಡತನದಿಂದ ಶುರುವಾಗಿ ವರ್ಷಗಟ್ಟಲೆ ಹುಟ್ಟಿದವರೇ ಕಡಿಮೆ. ಬಿತ್ತನೆ ಬೀಜವನ್ನು ಊಟಕ್ಕೆ ಬಳಸುವುದೇ ಎಂಬ ಚಿಂತೆ ಅದು.

ಮೀಸಲು ಪಡೆ

ನನ್ನ ಓಟು ಯಾವುದಕ್ಕೆ ಎಂದು ಕೇಳಿದರೆ ಇದಕ್ಕೆ, ಷರತ್ತಿನೊಂದಿಗೆ.

ಫಿನ್‌ಲ್ಯಾಂಡ್‌ನ ಜನಸಂಖ್ಯೆ 56 ಲಕ್ಷ. ನಮ್ಮ ಪುಣೆ ನಗರ, ಪಿಂಪ್ರಿ-ಚಿಂಚವಡ ಸೇರಿಸಿದರೆ ಅದಕ್ಕಿಂತ ಹೆಚ್ಚಾಗುತ್ತದೆ. ರಷ್ಯಾದೊಂದಿಗೆ 1,300 ಕಿಲೋಮೀಟರ್‌ಗೂ ಉದ್ದದ ಗಡಿ. ಅಲ್ಲಿ ಗಂಡುಮಕ್ಕಳು ಐದೂವರೆ ತಿಂಗಳಿಂದ ಒಂದು ವರ್ಷದವರೆಗೆ ಸೇವೆ ಮಾಡಿ ಮನೆಗೆ ಹೋಗುತ್ತಾರೆ, ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ಯುದ್ಧ ಬಂದರೆ 2.8 ಲಕ್ಷದ ಸೈನ್ಯ ನಿಲ್ಲುತ್ತದೆ, ಅದರ ಹಿಂದೆ ತರಬೇತಾದ ಎಂಟು ಲಕ್ಷಕ್ಕೂ ಹೆಚ್ಚು ಜನ. ಬಡಗಿ, ಮೇಷ್ಟ್ರು, ಬಸ್ ಡ್ರೈವರ್ ಪ್ರತಿಯೊಬ್ಬನಿಗೂ ತಾನು ಯಾವ ತುಕಡಿ, ಯಾವ ಕೆಲಸ ಎಂಬುದು ಶಾಂತಿಕಾಲದಲ್ಲೇ ಗೊತ್ತು. ಲೀಡ್ ಟೈಮನ್ನು ಅವರು ಮೊದಲೇ ಕಟ್ಟಿಬಿಟ್ಟಿದ್ದಾರೆ. ಖರ್ಚಿನಲ್ಲಿ ಇಷ್ಟು ಜಾಣ ವ್ಯವಸ್ಥೆ ನಾನು ಬೇರೆ ಕಂಡಿಲ್ಲ.

ಇದರ ತೊಂದರೆ ಇಸ್ರೇಲ್‌ನಲ್ಲಿ ಕಾಣುತ್ತದೆ. 2023ರ ಅಕ್ಟೋಬರ್ 7ರ ದಾಳಿಯಾದ ಕೆಲವೇ ದಿನಗಳಲ್ಲಿ ಸುಮಾರು 3.6 ಲಕ್ಷ ಮೀಸಲು ಸೈನಿಕರನ್ನು ಕರೆದರು. ಆಗ ಒಂದು ಕೋಟಿಗೂ ಕಡಿಮೆ ಜನ ಇದ್ದ ದೇಶ. ಬಂದ ವೇಗ ಬೆರಗಿನದು. ಆದರೆ ಅವರೆಲ್ಲ ಕಂಪನಿಗಳಿಂದ, ಅಂಗಡಿಗಳಿಂದ, ಹೊಲಗಳಿಂದ ಎದ್ದು ಬಂದವರು. ಮೀಸಲು ಪಡೆ ಒಂದೆರಡು ತಿಂಗಳಿಗೆ ಹೇಳಿಮಾಡಿಸಿದ್ದು. ಯುದ್ಧ ವರ್ಷಗಟ್ಟಲೆ ಎಳೆದಾಗ ಒಬ್ಬನಿಗೇ ಮೂರನೇ, ನಾಲ್ಕನೇ ಸಲ ಕರೆ ಹೋಗುತ್ತದೆ, ಮನೆಯಲ್ಲಿ ಹೆಂಡತಿ ‘ಪಕ್ಕದ ಮನೆಯವನಿಗೆ ಯಾಕಿಲ್ಲ’ ಎನ್ನುತ್ತಾಳೆ. ತೀವ್ರ ಸಂಪ್ರದಾಯಸ್ಥ ಯೆಹೂದಿ ವಿದ್ಯಾರ್ಥಿಗಳಿಗೂ ಸೇವೆ ಅನ್ವಯಿಸಬೇಕು ಎಂದು 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದರ ಹಿಂದೆ ಈ ಒತ್ತಡವೂ ಇತ್ತು.

ಮಹಾಶಕ್ತಿಗೆ ಇನ್ನೊಂದು ತೊಡಕು. ಫಿನ್‌ಲ್ಯಾಂಡಿನ ಮೀಸಲು ಸೈನಿಕ ತನ್ನ ಊರಿನ ಕಾಡು ಕಾಯುತ್ತಾನೆ. ಅಮೆರಿಕದವನು ಸಾಗರ ದಾಟಬೇಕು. ಓಹಾಯೋದ ಬಡಗಿಯನ್ನು ತೈವಾನ್ ಜಲಸಂಧಿಯ ಹೆಸರಿನಲ್ಲಿ ಎಬ್ಬಿಸುವುದು ಅಷ್ಟು ಸುಲಭದ ಮಾತಲ್ಲ. ಅದಕ್ಕೇ ಷರತ್ತು ಎಂದದ್ದು: ತನ್ನ ನೆಲ ಕಾಯುವವರಿಗೆ ಈ ಆಯ್ಕೆ, ದೂರ ಹೋಗಿ ಹೊಡೆದಾಡುವವರಿಗೆ ವೃತ್ತಿಸೈನ್ಯವೇ ತಳಪಾಯ.

ಅಗ್ನಿವೀರ

2022ರ ಜೂನ್ 14ರಂದು ಅಗ್ನಿಪಥ ಪ್ರಕಟವಾಯಿತು. ಹದಿನೇಳೂವರೆಯಿಂದ 21 ವರ್ಷದೊಳಗಿನವರು (ಮೊದಲ ವರ್ಷಕ್ಕಷ್ಟೇ 23), ತರಬೇತಿ ಸೇರಿ ನಾಲ್ಕು ವರ್ಷ, ಕೊನೆಗೆ ನೂರಕ್ಕೆ 25 ಜನರವರೆಗೆ ಕಾಯಂ, ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ. ನಮ್ಮ ಕಡೆಯ ಬೆಳಗಾವಿ, ಇತ್ತ ಸಾತಾರಾ, ಕೊಲ್ಲಾಪುರ ಎಲ್ಲ ಸೈನ್ಯಕ್ಕೆ ಮಕ್ಕಳನ್ನು ಕೊಟ್ಟ ಊರುಗಳು; ಅಲ್ಲಿ ಇದರ ಬಗ್ಗೆ ಮಾತಾಡಿದರೆ ಚಹಾ ಆರುವ ತನಕ ಮಾತು ಮುಗಿಯುವುದಿಲ್ಲ. 2025–26ರ ರಕ್ಷಣಾ ಬಜೆಟ್ಟಿನ 6.81 ಲಕ್ಷ ಕೋಟಿಯಲ್ಲಿ ಪಿಂಚಣಿಯೇ 1.6 ಲಕ್ಷ ಕೋಟಿ ಎಂಬುದು ಸರ್ಕಾರದ ಕಡೆಯ ವಾದಕ್ಕೆ ಬಲ. ನಾಲ್ಕು ವರ್ಷಕ್ಕೆ ಹೊರಡುವ ಹುಡುಗನಿಂದ ಎಷ್ಟು ಕೆಲಸ ಕಲಿಸಿ ತೆಗೆಯಬಹುದು ಎಂಬುದು ಎದುರು ವಾದ. ನಾನು ಪಿಂಚಣಿ ತಿನ್ನುವವನು, ಮೊದಲ ವಾದದ ಬಗ್ಗೆ ಬಾಯಿ ಮುಚ್ಚಿಕೊಂಡಿರುವುದೇ ಚೆಂದ.

ಸ್ಪರ್ಧೆಯಲ್ಲಿ ಇದನ್ನು ಆರಿಸುವವರು ಒಂದು ಹಳೆಯ ಅಂಕಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. 1939ರಲ್ಲಿ ಸುಮಾರು ಎರಡು ಲಕ್ಷವಿದ್ದ ಭಾರತೀಯ ಸೇನೆ 1945ಕ್ಕೆ 25 ಲಕ್ಷ ಮುಟ್ಟಿತು, ಒಬ್ಬರನ್ನೂ ಕಡ್ಡಾಯ ಮಾಡದೆ. ಬಡತನ, ಬಂಗಾಳದ ಕ್ಷಾಮದಂಥ ಹೊತ್ತು, ಊರಿನ ಮರ್ಯಾದೆ ಎಲ್ಲ ಅದರ ಹಿಂದೆ ಇದ್ದವು. ಜನ ಸಿಗುವುದು ಈ ದೇಶಕ್ಕೆ ಯಾವತ್ತೂ ಕಷ್ಟವಾಗಿಲ್ಲ.

ಪಟ್ಟಿಯಲ್ಲಿ ಇಲ್ಲದ ಐದನೇ ಆಯ್ಕೆ

ಬೇರೆಯವರ ಸೈನ್ಯ. ವಿಷಯ ಇಟ್ಟವರು ಮರೆತರೋ ಬೇಕೆಂದೇ ಬಿಟ್ಟರೋ. 1914ರ ಆಗಸ್ಟ್‌ನಲ್ಲಿ ಜಗತ್ತಿನ ಅತಿ ದೊಡ್ಡ ಸಾಮ್ರಾಜ್ಯ ಫ್ರಾನ್ಸ್‌ಗೆ ಕಳಿಸಿದ ಮೊದಲ ಸೈನ್ಯ ಲಕ್ಷದ ಆಸುಪಾಸು. ಶರತ್ಕಾಲದ ಹೊತ್ತಿಗೆ ಅದು ಸವೆದಿತ್ತು. ಬ್ರಿಟನ್‌ನಲ್ಲಿ ಹೊಸದಾಗಿ ಭರ್ತಿಯಾದವರು ಇನ್ನೂ ಕವಾಯತು ಕಲಿಯುತ್ತಿದ್ದರು, ಕಡ್ಡಾಯ ಭರ್ತಿಯ ಕಾಯಿದೆ ಬರಲು 1916ರ ಜನವರಿ ಆಗಬೇಕಿತ್ತು. ಆ ನಡುವಿನ ಕಂದರ ತುಂಬಿದವರಲ್ಲಿ ಬೊಂಬಾಯಿ, ಕರಾಚಿ ಬಂದರುಗಳಲ್ಲಿ ಹಡಗು ಹತ್ತಿ ಮಾರ್ಸೇಲ್‌ಗೆ ಇಳಿದ ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳ ನಮ್ಮವರಿದ್ದರು. ಯೂರೋಪಿನ ಚಳಿಗೆ ತಕ್ಕ ಬಟ್ಟೆಯೂ ಮೊದಲು ಇರಲಿಲ್ಲ. 2024ರ ಕೊನೆಯಲ್ಲಿ ಉತ್ತರ ಕೊರಿಯಾದ ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರು ರಷ್ಯಾದ ಕುರ್ಸ್ಕ್ ಪ್ರದೇಶಕ್ಕೆ ಬಂದಾಗ ನನಗೆ ನೆನಪಾದದ್ದು ಅದೇ. ಮಹಾಶಕ್ತಿಯ ಸೈನ್ಯ ಸಾಕೇ ಎಂದು ಲೆಕ್ಕ ಹಾಕುವವರು, ಅದರ ಪರವಾಗಿ ಸಾಯಲು ಯಾರ ಮಕ್ಕಳು ಹೊರಡುತ್ತಾರೆ ಎಂಬ ಒಂದು ಕಾಲಮ್ಮನ್ನೂ ಎಳೆದುಕೊಳ್ಳಬೇಕು.

ಪೆಟ್ಟಿಗೆಗಳ ಮಾತು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತೇನೆ, ಇದು ನನ್ನ ಸೀಮೆ.

ಖಡ್ಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾದದ್ದು 1869ರಲ್ಲಿ. ಪಾಷಾಣದ ಕಡೆ ತೋಪು ವಿನ್ಯಾಸ ಮಾಡುವ ಎಆರ್‌ಡಿಇ ಇದೆ, ಘೋರ್ಪಡಿಯ ಕಡೆ ದಕ್ಷಿಣ ಕಮಾಂಡಿನ ಯುದ್ಧ ಸ್ಮಾರಕ. 2021ರ ಅಕ್ಟೋಬರ್ 1ಕ್ಕೆ ಹಳೆಯ ಆರ್ಡನೆನ್ಸ್ ಕಾರ್ಖಾನೆಗಳನ್ನೆಲ್ಲ ಏಳು ಸರ್ಕಾರಿ ಕಂಪನಿಗಳಾಗಿ ಒಡೆದರಲ್ಲ, ಅದರಲ್ಲಿ ಮದ್ದುಗುಂಡಿನದಾದ ಮ್ಯುನಿಷನ್ಸ್ ಇಂಡಿಯಾದ ಮುಖ್ಯ ಕಚೇರಿಯೂ ಇಲ್ಲೇ. ಹೀಗಾಗಿ ಪುಣೆಯ ಮಕ್ಕಳು ಸೈನ್ಯದ ಬಗ್ಗೆ ಮಾತಾಡಿ ಗುಂಡಿನ ಬಗ್ಗೆ ಮಾತಾಡದಿದ್ದರೆ ನನಗೆ ಬೇಜಾರು.

1999ರ ಕಾರ್ಗಿಲ್ ನೋಡಿ. ಒಂದು ಪರ್ವತಸಾಲು, ಎರಡೂವರೆ ತಿಂಗಳು. ನಮ್ಮ ಫಿರಂಗಿದಳ ಹಾರಿಸಿದ ಶೆಲ್, ಬಾಂಬ್, ರಾಕೆಟ್ ಎಲ್ಲ ಸೇರಿ ಎರಡೂವರೆ ಲಕ್ಷ. ಬಿರುಸಿನ ದಿನಗಳಲ್ಲಿ ದಿನಕ್ಕೆ ಐದು ಸಾವಿರ. ಈಗ ಇನ್ನೊಂದು ಅಂಕಿ: ಉಕ್ರೇನ್ ಯುದ್ಧಕ್ಕೆ ಮುಂಚೆ ಅಮೆರಿಕ ತಯಾರಿಸುತ್ತಿದ್ದ 155 ಮಿಲಿಮೀಟರ್ ಶೆಲ್ ತಿಂಗಳಿಗೆ 14,000 ಮಾತ್ರ. ಕಾರ್ಗಿಲ್‌ನಲ್ಲಿ ಬೇರೆ ಬೇರೆ ಅಳತೆಯ ಗುಂಡುಗಳಿದ್ದವು, ನೇರ ಹೋಲಿಕೆ ಸರಿಯಲ್ಲ ಎಂದು ನನಗೂ ಗೊತ್ತು. ಆದರೂ ಆ ಬಿರುಸಿನಲ್ಲಿ ಹಾರಿಸಿದರೆ ಜಗತ್ತಿನ ಅತಿ ಶ್ರೀಮಂತ ಸೈನ್ಯದ ಒಂದು ತಿಂಗಳ ಶೆಲ್ ಮೂರು ದಿನಕ್ಕೆ ಮುಗಿಯುತ್ತಿತ್ತು. ತಿಂಗಳಿಗೆ ಒಂದು ಲಕ್ಷ ಮಾಡುತ್ತೇವೆ ಎಂದು ಅವರು ಹೊರಟರು. ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಕಾರ್ಖಾನೆಯಂಥ ಹಳೇ ಜಾಗಗಳಿಗೆ ಹೊಸ ಯಂತ್ರ ತಂದರು, ಹೊಸ ಕಾರ್ಖಾನೆಗಳನ್ನೂ ಕಟ್ಟಿದರು, ಆದರೂ ಅಂದುಕೊಂಡ ಹೊತ್ತಿಗೆ ಅಷ್ಟಾಗಲಿಲ್ಲ. ಕಾದ ಉಕ್ಕನ್ನು ಒತ್ತಿ ಶೆಲ್ಲಿನ ಚಿಪ್ಪು ಮಾಡುವುದು ಒಂದು, ಒಳಗೆ ಸ್ಫೋಟಕ ತುಂಬುವುದು ಇನ್ನೊಂದು, ಅದನ್ನು ಸಿಡಿಸುವ ಫ್ಯೂಸ್ ಮತ್ತೊಂದು, ದೂಡುವ ಮದ್ದು ಮಗದೊಂದು. ನಾಲ್ಕರಲ್ಲಿ ಒಂದು ತಡವಾದರೆ ಉಳಿದ ಮೂರು ಗೋದಾಮಿನಲ್ಲಿ ಧೂಳು ಕುಡಿಯುತ್ತವೆ. 1915ರ ವಸಂತದಲ್ಲಿ ಬ್ರಿಟನ್‌ಗೂ ಇದೇ ಆಗಿ, ಶೆಲ್ ಸಾಲದೆಂಬ ಗಲಾಟೆಗೆ ಸರ್ಕಾರವೇ ಅಲುಗಾಡಿ, ಲಾಯ್ಡ್ ಜಾರ್ಜ್ ಕೈಗೆ ಹೊಸದೊಂದು ಮದ್ದುಗುಂಡು ಸಚಿವಾಲಯ ಬಂತು.

ಇದರ ತಿರುಗುಮುರುಗು ಕಥೆಯೂ ಉಂಟು, ನನಗೆ ತುಂಬ ಇಷ್ಟದ್ದು. 1965ರ ಯುದ್ಧದ ಕೊನೆಯಲ್ಲಿ ಪ್ರಧಾನಿ ಶಾಸ್ತ್ರಿಯವರು ಇನ್ನೂ ಕೆಲವು ದಿನ ಹೋರಾಡಿದರೆ ದೊಡ್ಡ ಗೆಲುವು ಸಿಗುತ್ತದೆಯೇ ಎಂದು ಕೇಳಿದಾಗ, ಮುಂಚೂಣಿಯ ಮದ್ದುಗುಂಡು ಬಹುಪಾಲು ಮುಗಿದಿದೆ ಎಂಬ ಉತ್ತರ ಸೇನಾ ಮುಖ್ಯಸ್ಥರಿಂದ ಬಂತು. ಆಮೇಲೆ ಎಣಿಸಿ ನೋಡಿದರೆ ಖರ್ಚಾಗಿದ್ದದ್ದು ನೂರಕ್ಕೆ 14ರಷ್ಟು ಎಂದು ಆ ಯುದ್ಧದ ಅಧಿಕೃತ ಇತಿಹಾಸದಲ್ಲಿದೆ. ಕದನವಿರಾಮಕ್ಕೆ ಬೇರೆ ಕಾರಣಗಳೂ ಇದ್ದವು, ವಿಶ್ವಸಂಸ್ಥೆಯ ಒತ್ತಡವಿತ್ತು, ಚೀನಾದ ಬೆದರಿಕೆಯಿತ್ತು. ಆದರೆ ನಮ್ಮ ಗೋದಾಮಿನಲ್ಲಿ ಸ್ಟಾಕ್ ತಾಳೆ ಆಗದಿದ್ದರೆ ಮೆಮೊ ಕೊಡುತ್ತಿದ್ದರು.

ತೋಪುಗಳ ವಿಷಯಕ್ಕೆ ಬಂದರೆ, ಪಾಷಾಣದಲ್ಲಿ ವಿನ್ಯಾಸವಾದ 155 ಮಿಲಿಮೀಟರ್ ಎಟಿಎಜಿಎಸ್ ತೋಪು 307 ಬೇಕೆಂದು 2025ರ ಮಾರ್ಚ್‌ನಲ್ಲಿ ಸುಮಾರು 6,900 ಕೋಟಿಯ ಒಪ್ಪಂದವಾಯಿತು. ಒಂದು ಪಾಲು ತಯಾರಾಗುವುದು ಪುಣೆಯ ಭಾರತ್ ಫೋರ್ಜ್ ಕಡೆ. ತೋಪಿನ ಸುದ್ದಿ ಪತ್ರಿಕೆಯ ಮೊದಲ ಪುಟಕ್ಕೆ ಬರುತ್ತದೆ, ಫ್ಯೂಸಿನ ಸುದ್ದಿ ಟೆಂಡರ್ ಪುಟಕ್ಕೂ ಬರುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸುವುದು

ಗೆಲ್ಲುವುದೇ ಮುಖ್ಯವಾಗಿದ್ದರೆ ಮೀಸಲು ಪಡೆ ಆರಿಸಿ. ಅದರ ವಿರುದ್ಧ ಐದು ನಿಮಿಷದಲ್ಲಿ ಹೇಳಬಹುದಾದದ್ದು ಕಡಿಮೆ. ತುಸು ಓದಿಕೊಂಡಿದ್ದರೆ ವೃತ್ತಿಸೈನ್ಯ ಒಳ್ಳೆಯದು. ಅದರ ದೌರ್ಬಲ್ಯವನ್ನು ನೀವೇ ಮೊದಲು ಒಪ್ಪಿಕೊಂಡು, 1940ರ ಹೆಪ್ಪಿನ ಉದಾಹರಣೆ ಕೊಟ್ಟು, ‘ಕಾಯಿದೆ ಯುದ್ಧಕ್ಕೆ ಒಂದು ವರ್ಷ ಮುಂಚೆ ಬಂದರೆ ಸಾಕು’ ಎಂದು ನಿಲ್ಲಿಸಿ. ಅಮೆರಿಕದಲ್ಲಿ 18ರಿಂದ 25ರ ಗಂಡಸರ ಹೆಸರು ನೋಂದಣಿ 1980ರಿಂದ ಮತ್ತೆ ನಡೆದೇ ಇದೆ ಎಂಬುದನ್ನು ಸೇರಿಸಿ. ಹೆಸರಿದೆ, ತರಬೇತಿ ಇಲ್ಲ ಎಂದು ಎದುರಾಳಿ ಹೇಳಿದರೆ ಆತ ಜಾಣ. 17ರಿಂದ 24ರ ಅಮೆರಿಕನ್ ತರುಣರಲ್ಲಿ ನೂರಕ್ಕೆ 77 ಜನ ಬೊಜ್ಜು, ಕಾಯಿಲೆ, ಮಾದಕ ವಸ್ತು ಇತ್ಯಾದಿ ಕಾರಣಕ್ಕೆ ರಿಯಾಯಿತಿ ಇಲ್ಲದೆ ಭರ್ತಿಯೇ ಆಗುವಂತಿಲ್ಲ ಎಂಬ 2020ರ ರಕ್ಷಣಾ ಇಲಾಖೆಯ ಅಧ್ಯಯನ ಅವನ ಕೈಗೆ ಸಿಗದಿರಲಿ ಎಂದು ಬೇಡಿಕೊಳ್ಳಿ. ಕಡ್ಡಾಯ ಸೇವೆಯನ್ನು ಸಿಟ್ಟಿನ ಭಾಷಣ ಮಾಡುವವರಿಗೆ ಬಿಟ್ಟುಬಿಡಿ.

ಅಗ್ನಿವೀರರ ಕಡೆ ವಾದಿಸುವುದು ಎಲ್ಲಕ್ಕಿಂತ ಕಷ್ಟ, ಅದಕ್ಕೇ ನನ್ನ ಮೊಮ್ಮಗ ಅದನ್ನೇ ಆರಿಸಿದ್ದಾನೆ. ಫಿನ್‌ಲ್ಯಾಂಡ್ ಕಥೆ ಕೇಳಿದ ಮೇಲೆ ಅವನ ತಲೆ ಓಡಿದ್ದು ಆ ಕಡೆಗೆ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕೇಳಿದ:

“ಅಜ್ಜಾ, ನೂರಕ್ಕ ಎಪ್ಪತ್ತೈದು ಮಂದಿ ನಾಲ್ಕು ವರ್ಷ ಕಲತು ಮನೀಗೆ ಬರ್ತಾರಲಾ. ಪೊಲೀಸು, ಅರೆಸೇನೆ ಒಳಗ ನೌಕರಿ ಮೀಸಲಾತಿ ಅಂತ ಹೇಳ್ಯಾರ. ಅದು ಸಿಗದವರು ಗ್ಯಾರೇಜ್ ಹಾಕ್ತಾರ, ಹೊಲ ಮಾಡ್ತಾರ. ನಾಳೆ ಯುದ್ಧ ಬಂತಂದ್ರ ಅವರ ಹೆಸರು ಯಾವ ಲೆಡ್ಜರ್‌ನಾಗ ಇರ್ತದ?”

ಮೊದಲ ಬ್ಯಾಚು ತರಬೇತಿಗೆ ಸೇರಿದ್ದು 2022ರ ಕೊನೆ, 2023ರ ಆರಂಭದಲ್ಲಿ. ನಾಲ್ಕು ವರ್ಷ ತುಂಬುವುದು 2026ರ ಕೊನೆಯ ಹೊತ್ತಿಗೆ. ಅವನ ತಾಟಿಗೆ ಇನ್ನೊಂದು ಭಕ್ರಿ ಹಾಕಿ, ಇದನ್ನೇ ವೇದಿಕೆ ಮೇಲೆ ಕೇಳು ಅಂದೆ.